ಸಂಕ್ರಾಂತಿವರೆಗೆ ಗೆಲುವು, ಯುಗಾದಿಗೆ ಹನ್ನೊಂದು ಜನಕ್ಕೂ ತತ್ವಾರ: ಹಳ್ಳಿ ಕ್ಲಬ್ಬಿನ ಸೀಸನ್ ಕಟ್ಟೋದು ಹೇಗೆ?

ಕೆರೆಏರಿ ಇಲೆವೆನ್, ಮದ್ದೂರು ಕಡೆ

ಎಲ್ರಿಗೂ ನಮಸ್ಕಾರ. ನಮ್ದು ಹಳ್ಳಿ ಕ್ಲಬ್, 19 ಜನ ಮೆಂಬರು. ಓದೋ ಹುಡುಗರು 6, ಬೆಂಗಳೂರಲ್ಲಿ ಕೆಲಸ ಮಾಡೋರು 5, ಊರಲ್ಲೇ ಇರೋರು 8. ಆ ಎಂಟರಲ್ಲಿ ಮೂರು ಮನೇಲಿ ರೇಷ್ಮೆ ಹುಳ. ಆಟ ಸರ್ಕಾರಿ ಶಾಲೆ ಮೈದಾನದಲ್ಲಿ, 66 ಅಡಿ ಉದ್ದ 8 ಅಡಿ ಅಗಲದ ನಾರಿನ ಮ್ಯಾಟ್ ಮೇಲೆ. ಮೊದಲು ಬರೀ ಟೆನಿಸ್ ಬಾಲು, ಈ ಸಲ ಲೆದರ್ ಬಾಲಲ್ಲೂ 20 ಓವರ್ ಮ್ಯಾಚ್ ಶುರು ಮಾಡಿದ್ವಿ.

ದೀಪಾವಳಿಯಿಂದ ಯುಗಾದಿವರೆಗೆ ಒಟ್ಟು 14 ಮ್ಯಾಚ್. ಮೊದಲ 8ರಲ್ಲಿ 7 ಗೆದ್ದಿದ್ದೀವಿ, ಕೊನೇ 6ರಲ್ಲಿ 5 ಸೋತಿದ್ದೀವಿ. ಮಾರ್ಚಿನ ಎರಡು ಮ್ಯಾಚಿಗೆ 9 ಜನ ಇಟ್ಕೊಂಡು ಆಡಿದ್ದು. ಕೇಳಬೇಕಾಗಿರೋದು ನಾಲ್ಕು:

ಶಾಲೆ ಗೇಟಿನ ಕಡೆ ಎಂಡಲ್ಲಿ ಬಾಲು ಒಂದ್ಸಲ ಮೊಣಕಾಲಿಗೂ ಬರಲ್ಲ, ಅದೇ ಜಾಗದಲ್ಲಿ ಇನ್ನೊಂದ್ಸಲ ಎದೆಗೆ ಬರುತ್ತೆ. ಮ್ಯಾಟ್ ಬದಲಾಯಿಸಬೇಕಾ, ಕೆಳಗಿನ ನೆಲ ಸರಿ ಮಾಡ್ಬೇಕಾ?

8 ಓವರ್ ಟೂರ್ನಮೆಂಟಲ್ಲಿ ರನ್‌ರೇಟ್ ಮೇಲೆ ಹೊರಗೆ ಹೋದ್ವಿ. ನಮ್ಮ ಮೂರು ಮ್ಯಾಚ್: ನಾವು 72, ಅವರು 6.2 ಓವರಿಗೆ 48 ಆಲೌಟ್. ಎರಡನೇದು, ಅವರು 8 ಓವರಿಗೆ 48, ನಾವು 5.1ಕ್ಕೆ 49. ಮೂರನೇದು, ನಾವು 7 ಓವರಿಗೆ 55 ಆಲೌಟ್, ಅವರು 6.3ಕ್ಕೆ 56. ಕಮಿಟಿಯವರು ನಮಗೆ 1.34 ಅಂದ್ರು, ಇನ್ನೊಂದು ಟೀಮಿಗೆ 1.42. ಸರೀನಾ?

ನಾವೇ ನಡೆಸಿದ ಟೂರ್ನಮೆಂಟಿಗೆ 16 ಟೀಮು ಬರ್ತೀವಿ ಅಂದು 11 ಬಂದ್ವು, ಕೈಯಿಂದ ಹೋಯ್ತು. ಲೆಕ್ಕ ಹೇಗಿಡಬೇಕು?

ಕೊನೇದು, ಜನ. ಬೇಸಿಗೇಲಿ ಹನ್ನೊಂದು ಜನರನ್ನ ಹೆಂಗೆ ಹೊಂದಿಸ್ತೀರಾ?

ಗೋಡುಮಣ್ಣು, ಪಾಂಡವಪುರ

ಮ್ಯಾಟಿಗೆ ದುಡ್ಡು ಹಾಕಬೇಡಿ, ಮೊದಲು ನೆಲ ನೋಡಿ. ಒಂದೇ ಜಾಗದಲ್ಲಿ ಒಂದ್ಸಲ ಕೆಳಗೆ ಒಂದ್ಸಲ ಮೇಲೆ ಅಂದ್ರೆ ಅಲ್ಲಿ ತಗ್ಗು ಐತೆ, ತಗ್ಗಿನ ಮುಂದೆ ದಿಬ್ಬಾನೂ ಐತೆ. ತಗ್ಗಿನ ಮೇಲೆ ಮ್ಯಾಟ್ ತೊಟ್ಟಿಲ ಹಂಗೆ ಜೋತಿರುತ್ತೆ. ಅದರ ನಡುವೆ ಬಿದ್ದ ಬಾಲು ಸತ್ತುಹೋಗುತ್ತೆ, ದಿಬ್ಬಕ್ಕೆ ಬಿದ್ದಿದ್ದು ಎಗರುತ್ತೆ.

ಪರೀಕ್ಷೆ ಸುಲಭ. ಮ್ಯಾಟ್ ಹಾಸಿ ಮೊಳೆ ಹೊಡೆದ ಮೇಲೆ, ಹೊಸದೂ ಅಲ್ಲದ ತೀರಾ ಹಳೇದೂ ಅಲ್ಲದ ಒಂದು ಲೆದರ್ ಬಾಲನ್ನ 6 ಅಡಿ ಎತ್ತರದಿಂದ ಬಿಡಿ, ಎಸೀಬೇಡಿ. ಪಕ್ಕದಲ್ಲಿ ಸ್ಟಂಪಿಗೆ ಗೆರೆ ಹಾಕಿ ಹಿಡ್ಕೊಳ್ಳಿ, ಎಷ್ಟು ಪುಟಿಯಿತು ಬರೀರಿ. ಎರಡೆರಡು ಅಡಿಗೆ ಒಂದ್ಸಲ, ಅಗಲದಲ್ಲಿ ಮೂರು ಸಾಲು. ಪಕ್ಕಪಕ್ಕದ ಎರಡು ಜಾಗಕ್ಕೆ ನಾಲ್ಕು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಅಲ್ಲಿ ಸುಣ್ಣದ ಗುರುತು ಹಾಕಿ. ಸ್ಟಂಪಿಂದ 18ರಿಂದ 24 ಅಡಿ ಒಳಗಿನ ಭಾಗ ಮುಖ್ಯ, ಗುಡ್ ಲೆಂತ್ ಬೀಳೋದೇ ಅಲ್ಲಿ. ಹಿಮ್ಮಡೀಲಿ ಗುದ್ದಿದ್ರೂ ಗೊತ್ತಾಗುತ್ತೆ, ಟೊಳ್ಳು ಇರೋ ಕಡೆ ತಮಟೆ ಹಂಗೆ ಡಬ್ ಅನ್ನುತ್ತೆ.

ಗುರುತು ನಾಲ್ಕೈದೇ ಆದ್ರೆ ಮೇಲಿಂದ ತೇಪೆ ಸಾಕು. ಆದ್ರೆ ಒಣಗಿದ ನೆಲದ ಮೇಲೆ ಹೊಸ ಮಣ್ಣು ಹಾಕಿ ಗುದ್ದಬೇಡಿ, ಅದು ರೊಟ್ಟಿ ಹಂಗೆ ಎದ್ದು ಬರುತ್ತೆ. ಹಳೇ ನೆಲಾನ ಒಂದಿಂಚು ಕೆದಕಿ, ನೀರು ಚಿಮುಕಿಸಿ, ಆಮೇಲೆ ಮಣ್ಣು. ಹತ್ತಕ್ಕಿಂತ ಹೆಚ್ಚು ಗುರುತು ಬಂದ್ರೆ ಪೂರ್ತಿ ಅಗೆಯೋದೇ ವಾಸಿ.

ಪೂರ್ತಿ ಮಾಡೋದಾದ್ರೆ ಉದ್ದ 74 ಅಡಿ, ಅಗಲ 10 ಅಡಿ. ಪಿಚ್ 66 ಅಡಿನೇ, ಆದ್ರೆ ಬೌಲರ್ ಹಿಂಗಾಲು ಸ್ಟಂಪಿನ ಸಾಲಲ್ಲಿ, ಕೆಲವು ಸಲ ಅದಕ್ಕೂ ಹಿಂದೆ ಬೀಳುತ್ತೆ. ಆ ನಾಲ್ಕಡಿ ಗಟ್ಟಿ ಇಲ್ಲದಿದ್ರೆ ಎರಡು ವಾರಕ್ಕೆ ಗುಂಡಿ. ದಿಕ್ಕು ಉತ್ತರ-ದಕ್ಷಿಣ ಇರಲಿ. ಪೂರ್ವ-ಪಶ್ಚಿಮ ಇದ್ರೆ ಸಂಜೆ ಐದಕ್ಕೆ ಬ್ಯಾಟ್ಸ್‌ಮನ್ ಕಣ್ಣಿಗೇ ಸೂರ್ಯ.

ಆರಿಂಚು ಅಗೆದು ತಳಕ್ಕೆ ಎರಡಿಂಚು ಗ್ರಾವೆಲ್, ನೀರು ಬಿಟ್ಟು ರೋಲ್ ಮಾಡಿ. ಮೇಲೆ ನಾಲ್ಕಿಂಚು ಮಣ್ಣು. 74 ಗುಣಿಸು 10, ನಾಲ್ಕಿಂಚು ದಪ್ಪ ಅಂದ್ರೆ ಸುಮಾರು 247 ಘನ ಅಡಿ ಆಯ್ತು. ಸಡಿಲ ಮಣ್ಣು ಗುದ್ದಿದ ಮೇಲೆ ಇಳಿಯುತ್ತಲ್ಲ, 320 ಘನ ಅಡಿ ತರಿಸಿ. ನೂರು ಘನ ಅಡಿ ಹಿಡಿಯೋ ಟ್ರೈಲರಾದ್ರೆ ಮೂರು ಲೋಡು, ಮೇಲೆ ಒಂದಿಷ್ಟು.

ಯಾವ ಮಣ್ಣು ಅನ್ನೋದ್ರಲ್ಲೇ ಎಲ್ಲರೂ ಎಡವೋದು. ಬರೀ ಕೆರೆ ಗೋಡು, ಅಂದ್ರೆ ಕೆರೆ ತಳದ ಜಿಗುಟು ಮಣ್ಣು, ಹಾಕಿದ್ರೆ ಬಿಸಿಲಿಗೆ ಬೆರಳು ತೂರೋವಷ್ಟು ಬಿರುಕು. ಬರೀ ಕೆಮ್ಮಣ್ಣಾದ್ರೆ ಪುಡಿ ಎದ್ದು ಮ್ಯಾಟ್ ಕೆಳಗೆ ಜಾರುತ್ತೆ. ಮ್ಯಾಟಿನ ಕೆಳಗಿನ ನೆಲಕ್ಕೆ ಎರಡು ಪಾಲು ಗೋಡು, ಒಂದು ಪಾಲು ಕೆಮ್ಮಣ್ಣು ಚೆನ್ನಾಗಿ ಕೂರುತ್ತೆ. ಎರಡನ್ನೂ ಮರಳು ಸೋಸೋ ಜರಡೀಲಿ ಹಾಕಿ, ಬೇರು ಕಲ್ಲು ಎಲ್ಲ ತೆಗೀರಿ. ನಿಮ್ಮ ಕೆರೆ ಗೋಡಲ್ಲಿ ಜಿಗುಟು ಎಷ್ಟು ಅಂತ ನೋಡೋಕೆ ಒಂದು ಲೀಟರ್ ನೀರಿನ ಬಾಟ್ಲಿಗೆ ಮೂರನೇ ಒಂದು ಭಾಗ ಪುಡಿ ಮಣ್ಣು, ಉಳಿದಿದ್ದು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಒಂದು ನಿಮಿಷಕ್ಕೆ ತಳ ಹಿಡಿಯೋದು ಮರಳು. ಒಂದೆರಡು ಗಂಟೇಲಿ ಅದರ ಮೇಲೆ ಕೂರೋದು ನಯವಾದ ಹೂಳು. ಮಾರನೇ ದಿನ ಎಲ್ಲಕ್ಕಿಂತ ಮೇಲೆ ಕೂತಿರುತ್ತಲ್ಲ, ಅದೇ ಜೇಡಿ. ಒಟ್ಟು ಮಣ್ಣಲ್ಲಿ ಜೇಡಿ ಅರ್ಧಕ್ಕಿಂತ ಹೆಚ್ಚಿದ್ರೆ ಕೆಮ್ಮಣ್ಣಿನ ಪಾಲು ಜಾಸ್ತಿ ಮಾಡಿ.

ನಾಲ್ಕಿಂಚನ್ನ ಒಂದೇ ಏಟಿಗೆ ತುಂಬಬೇಡಿ. ಒಂದೊಂದು ಇಂಚು ಹರಡಿ, ನೀರು ಬಿಟ್ಟು, ಮಾರನೇ ದಿನ ಹೆಬ್ಬೆರಳು ಒತ್ತಿ ನೋಡಿ. ಗುರುತು ಬೀಳಬೇಕು, ಬೆರಳಿಗೆ ಮಣ್ಣು ಅಂಟಬಾರದು. ರೋಲ್ ಮಾಡೋ ಹೊತ್ತು ಅದೇ. ಅಂಟೋವಾಗ ಹತ್ತಿಸಿದ್ರೆ ರೋಲರಿಗೇ ಮಣ್ಣು ಸುತ್ತಿಕೊಂಡು ಬರುತ್ತೆ. ಪೂರ್ತಿ ಒಣಗಿದ ಮೇಲೆ ಹತ್ತಿಸಿದ್ರೆ ಡೀಸೆಲ್ ದಂಡ.

ಮೇಲೆ ಕೊನೆಗೆ ಕಣ ಸಾರಿಸೋ ಹಂಗೆ ತೆಳ್ಳಗೆ ಸಗಣಿ ಬಗ್ಗಡ ಹಾಕಿ. ಕಣ ಮಾಡಿ ಗೊತ್ತಿರೋ ಹಿರೀಕರು ಊರಲ್ಲಿದ್ರೆ ಅವರನ್ನ ನಿಲ್ಲಿಸ್ಕೊಳ್ಳಿ, ಯೂಟ್ಯೂಬಿಗಿಂತ ಅವರೇ ವಾಸಿ.

ಸ್ಕೋರ್‌ಬುಕ್, ಮೈಸೂರು

ರನ್‌ರೇಟ್ ವಿಷಯ ಹೇಳುತ್ತೇನೆ. ಕಮಿಟಿಯವರ ಲೆಕ್ಕದಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿವೆ.

ಮೊದಲನೆಯದು, ಆಲೌಟ್ ಆದ ಟೀಮು ಎಷ್ಟು ಓವರ್ ಆಡಿದರೂ ಲೆಕ್ಕಕ್ಕೆ ಪೂರ್ತಿ 8 ಓವರ್ ಹಿಡಿಯಬೇಕು. 6.2ಕ್ಕೆ ಆಲೌಟ್ ಆದವರಿಗೂ 8, 7ಕ್ಕೆ ಆಲೌಟ್ ಆದ ನಿಮಗೂ 8. ಎರಡನೆಯದು, 5.1 ಎಂದರೆ ಐದು ಓವರ್ ಒಂದು ಬಾಲು, ಕ್ಯಾಲ್ಕುಲೇಟರಿನ ಐದು ಪಾಯಿಂಟ್ ಒಂದು ಅಲ್ಲ. ಬಾಲನ್ನು 6ರಿಂದ ಭಾಗಿಸಿ ಸೇರಿಸಿದರೆ 5.167 ಆಗುತ್ತದೆ. 6.3 ಎಂದರೆ 6.5.

ನೀವು ಹೊಡೆದದ್ದು 72, 49, 55, ಒಟ್ಟು 176. ಓವರ್ 8, 5.167, 8, ಒಟ್ಟು 21.167. ಭಾಗಿಸಿದರೆ 8.315. ಬಿಟ್ಟುಕೊಟ್ಟದ್ದು 48, 48, 56, ಒಟ್ಟು 152. ಓವರ್ 8, 8, 6.5, ಒಟ್ಟು 22.5. ಭಾಗಿಸಿದರೆ 6.756. ಕಳೆದರೆ ನಿಮ್ಮ ರನ್‌ರೇಟ್ 1.56.

ಅವರ 1.34 ಬಂದದ್ದು ಹೀಗೆ: 176ನ್ನು 20.1ರಿಂದ, 152ನ್ನು 20.5ರಿಂದ ಭಾಗಿಸಿದ್ದಾರೆ. ಆಡಿದಷ್ಟೇ ಓವರ್ ಹಿಡಿದು, ಬಾಲನ್ನು ದಶಾಂಶ ಮಾಡಿಬಿಟ್ಟಿದ್ದಾರೆ. ಹಾಗಂತ ಈಗಲೇ ಜಗಳಕ್ಕೆ ಹೋಗಬೇಡಿ. ಇನ್ನೊಂದು ಟೀಮಿನ 1.42 ಕೂಡ ಇದೇ ತಪ್ಪು ದಾರಿಯಲ್ಲೇ ಬಂದಿರಬೇಕು, ಸರಿ ಮಾಡಿದರೆ ಅದೂ ಏರಬಹುದು. ಅವರ ಮೂರು ಸ್ಕೋರ್ ಶೀಟ್ ಸಿಕ್ಕಿದ ಮೇಲೆ ಮಾತಾಡಿ.

ಇನ್ನೊಂದು ತಪ್ಪು ಹಳ್ಳಿ ಟೂರ್ನಮೆಂಟುಗಳಲ್ಲಿ ಮಾಮೂಲು: ಒಂದೊಂದು ಮ್ಯಾಚಿನ ರನ್‌ರೇಟ್ ತೆಗೆದು, ಕೂಡಿಸಿ, ಸರಾಸರಿ ಮಾಡುವುದು. ಒಟ್ಟು ರನ್ನನ್ನು ಒಟ್ಟು ಓವರಿನಿಂದ ಒಂದೇ ಸಲ ಭಾಗಿಸಬೇಕು. ಬೇಗ ಮುಗಿದ ಮ್ಯಾಚು ಇದ್ದಾಗ ಎರಡಕ್ಕೂ ಬೇರೆ ಉತ್ತರ ಬರುತ್ತದೆ.

ಈಗ ದುಡ್ಡು. ನಾಕ್‌ಔಟಿನಲ್ಲಿ ಮ್ಯಾಚಿನ ಸಂಖ್ಯೆ ಯಾವಾಗಲೂ ಟೀಮಿಗಿಂತ ಒಂದು ಕಡಿಮೆ. 16 ಟೀಮಿಗೆ 15 ಮ್ಯಾಚು, 11ಕ್ಕೆ 10. ಹನ್ನೊಂದೇ ಬಂದರೆ ಮೊದಲ ಸುತ್ತಿನಲ್ಲಿ 5 ಟೀಮಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವುದು) ಕೊಟ್ಟು ಉಳಿದ 6 ಟೀಮನ್ನು ಆಡಿಸಬೇಕು. ಗೆದ್ದ ಮೂರು, ಬೈ ಪಡೆದ ಐದು, ಅಲ್ಲಿಗೆ ಎಂಟು. ಬೈ ಚೀಟಿಯನ್ನು ಎಲ್ಲರ ಎದುರಿಗೇ ಎತ್ತಿ, ಇಲ್ಲದಿದ್ದರೆ ಮೈಕಿನಲ್ಲಿ ಕಾಮೆಂಟರಿ ಬದಲು ಸಮಜಾಯಿಷಿ ಕೊಡುತ್ತಾ ಕೂರಬೇಕಾಗುತ್ತದೆ.

8 ಓವರಿನ ಒಂದು ಮ್ಯಾಚಿಗೆ ಟಾಸು, ಫೀಲ್ಡ್ ಬದಲಾವಣೆ, ಬಾಲು ಹುಡುಕುವುದು ಎಲ್ಲ ಸೇರಿ 85 ನಿಮಿಷ ಹಿಡಿಯಿರಿ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಏಳು ಮ್ಯಾಚಾಗುತ್ತದೆ. ಎಂಟನೆಯದನ್ನು ತುರುಕಿದರೆ ಅದು ಮಬ್ಬಿನಲ್ಲಿ. ಜಗಳ ಆಗುವುದೆಲ್ಲ ಆ ಮಬ್ಬಿನಲ್ಲೇ.

ಬಹುಮಾನವನ್ನು ಬರಬೇಕಾದ ಎಂಟ್ರಿ ಫೀಸಿನ ಮೇಲೆ ಘೋಷಿಸಬೇಡಿ, ಕೈಗೆ ಬಂದದ್ದರ ಮೇಲೆ ಘೋಷಿಸಿ. ಉದಾಹರಣೆಗೆ ಎಂಟ್ರಿ 2,000 ರೂಪಾಯಿ ಇದ್ದರೆ 16 ಟೀಮಿಗೆ 32,000, 11 ಟೀಮಿಗೆ 22,000. ಬಹುಮಾನ 20,000 ಎಂದು ಬ್ಯಾನರ್ ಹಾಕಿಸಿಬಿಟ್ಟರೆ ಉಳಿಯುವುದು 2,000. ಅದರಲ್ಲಿ ಶಾಮಿಯಾನ, ಮೈಕು, ಅಂಪೈರು, ಊಟ, ಬಾಲು ಎಲ್ಲ ಆಗಬೇಕು. ಅರ್ಧ ಎಂಟ್ರಿ ಫೀಸು ವಾರದ ಮೊದಲೇ ಬರಬೇಕು, ಬರದ ಟೀಮಿನ ಹೆಸರು ಡ್ರಾದಲ್ಲೇ ಇರಬಾರದು. ಬಹುಮಾನ ಖಚಿತವಾಗಿ ಬಂದ ಫೀಸಿನ ಶೇ. 60 ದಾಟದಿರಲಿ. ಇನಿಂಗ್ಸಿಗೆ ಒಂದು ಹೊಸ ಬಾಲಿನಂತೆ 15 ಮ್ಯಾಚಿಗೆ 30, ಕಬ್ಬಿನ ಗದ್ದೆಗೆ ಹೋಗುವುದಕ್ಕೆ 10, ಒಟ್ಟು 40 ಬಾಲು.

ಸ್ಪಾನ್ಸರ್ ‘ಫಸ್ಟ್ ಪ್ರೈಜ್ ನಂದು’ ಎಂದರೆ ಬ್ಯಾನರ್ ಪ್ರಿಂಟಿಗೆ ಹೋಗುವ ಮೊದಲು ದುಡ್ಡು ಇಸಿದುಕೊಳ್ಳಿ. ಪಂಚಾಯ್ತಿ ಎಲೆಕ್ಷನ್ ವರ್ಷದಲ್ಲಿ ಟ್ರೋಫಿಗಿಂತ ಬ್ಯಾನರ್ ದೊಡ್ಡದಿರುತ್ತದೆ, ಮಾರನೇ ವರ್ಷ ಫೋನ್ ಎತ್ತುವವರು ಇರುವುದಿಲ್ಲ.

ಹುಳಮನೆ, ಮಳವಳ್ಳಿ

ಜನದ ವಿಚಾರ ನಂಗೆ ಬಿಡಿ. ನೀವು ಕೊಟ್ಟಿರೋ ಲೆಕ್ಕದಲ್ಲೇ ಉತ್ತರ ಐತೆ ಕಣಣ್ಣ.

ಮಾರ್ಚಲ್ಲಿ ಪಿಯುಸಿ, ಅದರ ಹಿಂದೇನೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ಓದೋ ಆರು ಜನ ಹೋದ್ರು. ಬೆಂಗಳೂರಿನ ಐವರನ್ನ ಅರ್ಧ ಆಳು ಅಂತ ಹಿಡೀರಿ, ಎರಡೋ ಮೂರೋ ಬರ್ತಾರೆ. ಊರಿನ ಎಂಟರಲ್ಲಿ ಮೂರು ಜನಕ್ಕೆ ಹುಳದ ಮನೆ, ಉಳಿದಿದ್ದು ಐದು. ಐದು ಪ್ಲಸ್ ಎರಡು-ಮೂರು, ಏಳೆಂಟು ಜನ. ನೀವು 9 ಜನ ಹೊಂದಿಸಿದ್ದೇ ದೊಡ್ಡದು.

ಹುಳದ ಮನೆಯವರನ್ನ ಬಿಟ್ಟುಬಿಡಬೇಡಿ, ಅವರ ದಿನ ಮೊದಲೇ ಎಣಿಸಬಹುದು. ಚಾಕಿ ಹುಳ (ಮರಿ ಹುಳ) ತಂದ ತಾರೀಖು ಕೇಳಿ ಬರ್ಕೊಳ್ಳಿ. ನಾಲ್ಕನೇ ಜ್ವರ (ಹುಳ ಪೊರೆ ಬಿಡೋದು) ಎದ್ದ ದಿನದಿಂದ ಏಳೆಂಟು ದಿನ ಹುಳ ಮೇಯೋದೇ ಮೇಯೋದು, ಇಡೀ ಬೆಳೇಲಿ ತಿನ್ನೋ ಸೊಪ್ಪಲ್ಲಿ ಬಹುಪಾಲು ಆವಾಗ್ಲೇ ಖರ್ಚು. ಆಮೇಲೆ ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟಿಗೆ) ಬಿಡೋ ದಿನ ಮನೆಯ ಮಕ್ಕಳು ಮರಿ ಎಲ್ಲ ಬೇಕು. ಆ ವಾರ ಅವನನ್ನ ಕರೀಬೇಡಿ, ಬಂದ್ರೂ ಅವನ ಮನಸ್ಸು ಹುಳದ ಮನೇಲಿರುತ್ತೆ, ಕ್ಯಾಚು ಕೈಯಿಂದ ಜಾರುತ್ತೆ. ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಬಿಡಿಸೋವರೆಗೆ ನಾಲ್ಕೈದು ದಿನ ಬಿಡುವು. ಭಾನುವಾರ ಅದರೊಳಗೆ ಬಿದ್ರೆ ಅವನು ನಿಮ್ಮವನೇ. ಗೂಡು ತಗೊಂಡು ರಾಮನಗರ ಮಾರ್ಕೆಟ್‌ಗೆ ಹೋಗೋ ದಿನ ಮತ್ತೆ ಇಲ್ಲ.

ಮಿಕ್ಕವರದು ನಾಲೆ ಲೆಕ್ಕ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ರೆ ನಾಟಿ ಮುಗಿಯೋವರೆಗೆ ಯಾರೂ ಸಿಗಲ್ಲ. ಡಿಸೆಂಬರಲ್ಲಿ ಭತ್ತದ ಕೊಯ್ಲು, ಮಳೆಯಾಶ್ರಿತ ಕಡೆ ಅದಕ್ಕೂ ಮೊದಲೇ ರಾಗಿ. ಕಬ್ಬಿನವನಿಗೆ ಕಟಾವು ಆರ್ಡರ್ ಬಂದ ದಿನ ಸೆಮಿಫೈನಲ್ ಇದ್ರೂ ಬರಲ್ಲ, ಬರಬಾರದು ಕೂಡ. ಸಂಕ್ರಾಂತಿ ಕಿಚ್ಚು ಹಾಯಿಸಿದ ಮಾರನೇ ದಿನದಿಂದ ಫೆಬ್ರವರಿ ಕೊನೆವರೆಗೆ ಆರು ಭಾನುವಾರ ಸಿಗುತ್ತೆ. ನಿಮ್ಮ ದೊಡ್ಡ ಮ್ಯಾಚೆಲ್ಲ ಅದರೊಳಗೆ ಹಾಕಿ. ಮಾರ್ಚಿಗೆ ಇಬ್ಬರು ಗೆಸ್ಟ್ ಆಟಗಾರರ ಒಪ್ಪಂದ ಪಕ್ಕದೂರಿನ ಕ್ಲಬ್ ಜೊತೆ ಮೊದಲೇ ಮಾಡ್ಕೊಳ್ಳಿ, ಅವರಿಗೂ ಅದೇ ಗೋಳಿರುತ್ತೆ. ಏಪ್ರಿಲ್-ಮೇ ಓದೋ ಹುಡುಗರು ವಾಪಸ್ ಬರ್ತಾರೆ, ಆದ್ರೆ ಮದುವೆ ಸೀಸನ್. ಜೊತೆಗೆ ಮಧ್ಯಾಹ್ನ ಮೂರರ ಮೇಲೆ ಗುಡುಗು. ಆಗ ಬೆಳಿಗ್ಗೆ ಹೊತ್ತು ಟೆನಿಸ್ ಬಾಲ್ ಸಾಕು.

ಗುರುವಾರ ರಾತ್ರಿಯೊಳಗೆ ‘ಬರ್ತೀನಿ’ ಅಂದವರ ಪಟ್ಟಿ 13 ಇರಬೇಕು. 11 ಅಂದ್ರೆ ಭಾನುವಾರ 9. ಬೆಳಿಗ್ಗೆ 7ಕ್ಕೆ ಮ್ಯಾಚ್ ಇಡಬೇಡಿ, ಡೈರಿಗೆ ಹಾಲು ಹಾಕಿ ಬರಬೇಕಲ್ಲ, ಎಂಟೂವರೆ ಇಡಿ.

ಕೆರೆಏರಿ ಇಲೆವೆನ್, ಮದ್ದೂರು ಕಡೆ

ಎಲ್ರಿಗೂ ಥ್ಯಾಂಕ್ಸ್. ಅವರ ಮೂರು ಶೀಟ್ ಕೇಳಿದ್ದೀನಿ. ಗೋಡುಮಣ್ಣು ಅಣ್ಣಾ, ಬಾಲು ಬಿಟ್ಟು ನೋಡಿದ್ವಿ, ಗೇಟಿನ ಕಡೆ 14 ಗುರುತು ಬಿತ್ತು. ಅಗೀತೀವಿ. ರೋಲರ್ ಬಾಡಿಗೆಗೆ ಸಿಗ್ತಿಲ್ಲ, ಊರಲ್ಲಿ ಹಳೇ ರೋಣಗಲ್ಲು (ಕಣದಲ್ಲಿ ಒಕ್ಕಣೆಗೆ ಉರುಳಿಸೋ ಕಲ್ಲು) ಒಂದೈತೆ, ಆಗುತ್ತಾ? ಇನ್ನೊಂದು, ಮ್ಯಾಟಿನ ತುದಿ ಎದ್ದು ಬೌಲರ್ ಎಡವ್ತಾನೆ. ಮೊಳೆ ಎಷ್ಟು ಹೊಡೆದ್ರೂ ಅಷ್ಟೇ.

ಗೋಡುಮಣ್ಣು, ಪಾಂಡವಪುರ

ರೋಣಗಲ್ಲು ಆಗುತ್ತೆ, ಆದ್ರೆ ಮೊದಲು ಎರಡೂ ತುದಿಗೆ ದಾರ ಸುತ್ತಿ ಅಳೀರಿ. ಕಣದಲ್ಲಿ ಸುತ್ತೋಕೆ ಅಂತ ಒಂದು ತುದಿ ದಪ್ಪ ಮಾಡಿದ್ರೆ ಅದು ನೇರ ಹೋಗಲ್ಲ, ಪಿಚ್ ಬಿಟ್ಟು ತಿರುಗುತ್ತೆ, ಒಂದು ಕಡೆ ಗಾಡಿ ಜಾಡಿನ ಹಂಗೆ ಒತ್ತುತ್ತೆ. ಎರಡೂ ತುದಿ ಒಂದೇ ಸಮ ಇದ್ರೆ ಧಾರಾಳವಾಗಿ ಬಳಸಿ. ಒಂದೂವರೆ ಅಡಿ ದಪ್ಪ ಮೂರಡಿ ಉದ್ದದ ಕಲ್ಲು ಹೆಚ್ಚೂಕಮ್ಮಿ 390 ಕೆ.ಜಿ. ತೂಗುತ್ತೆ, ಮ್ಯಾಟಿನ ಕೆಳಗಿನ ನೆಲಕ್ಕೆ ಸಾಕು. ಇಲ್ಲದಿದ್ರೆ 200 ಲೀಟರಿನ ಡ್ರಮ್ಮಿಗೆ ನಡುವೆ ಕಬ್ಬಿಣದ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ, 480 ಕೆ.ಜಿ. ಬರುತ್ತೆ. ಪೈಪ್ ನಡುಮಧ್ಯ ಇಲ್ಲದಿದ್ರೆ ಕುಂಟುತ್ತೆ, ಅದೊಂದು ನೋಡ್ಕೊಳ್ಳಿ.

ಮ್ಯಾಟ್ ತುದಿ ಎದ್ದೇಳೋದಕ್ಕೆ ಕಾರಣ ಮೊಳೆ ಅಲ್ಲ. 66 ಅಡಿ ಮ್ಯಾಟ್ ಸ್ಟಂಪಿಂದ ಸ್ಟಂಪಿಗೆ ಸರಿಯಾಗಿ ಮುಗಿಯುತ್ತೆ, ಬೌಲರ್ ಹಿಂಗಾಲು ಬೀಳೋದೂ ಅಲ್ಲೇ. ತುದೀಲಿ ನಾಲ್ಕಿಂಚು ಆಳ, ಒಂದು ಗುದ್ದಲಿ ಅಗಲ ಸಣ್ಣ ಕಾಲುವೆ ತೋಡಿ. ಮ್ಯಾಟಿನ ಕೊನೇ ಆರಿಂಚು ಅದರೊಳಗೆ ಇಳಿಸಿ, ಒಳಗೇ ಮೊಳೆ ಹೊಡೆದು, ಮಣ್ಣು ಮುಚ್ಚಿ ಗುದ್ದಿ. ಎರಡೂ ಕಡೆ ಆರಾರು ಇಂಚು ಹೋದ್ರೆ ಮ್ಯಾಟ್ ಸ್ಟಂಪಿಗಿಂತ ಅರ್ಧಅರ್ಧ ಅಡಿ ಒಳಗೆ ಬರುತ್ತೆ, ಪರವಾಗಿಲ್ಲ. ಪಾಪಿಂಗ್ ಕ್ರೀಸು, ಅಂದ್ರೆ ಬ್ಯಾಟ್ಸ್‌ಮನ್ ಗೆರೆ, ಸ್ಟಂಪಿಂದ 4 ಅಡಿ ಮುಂದೆ ಇರೋದ್ರಿಂದ ಬ್ಯಾಟ್ಸ್‌ಮನ್ ನಿಲ್ಲೋದು ಮ್ಯಾಟ್ ಮೇಲೇ.

ಪಕ್ಕಕ್ಕೆ ಆರಿಂಚಿನ ಮೊಳೆ, ವಾಷರ್ ಹಾಕಿ, ಎರಡಡಿಗೊಂದು. ಒಂದು ತುದಿ ಹೊಡೆದು ಇನ್ನೊಂದು ತುದೀಲಿ ನಾಲ್ಕು ಜನ ಎಳೆದು ಹಿಡಿದು ಹೊಡೀರಿ, ಬದಿ ಆಮೇಲೆ, ನಡುವಿಂದ ಎರಡೂ ಕಡೆಗೆ. ನೆನೆದು ಒಣಗಿದ ಮ್ಯಾಟ್ ಸಡಿಲ ಬಿಡುತ್ತೆ, ಮಂಜು ಬಿದ್ದ ದಿನ ಮ್ಯಾಚಿಗೆ ಮುಂಚೆ ಮತ್ತೆ ಬಿಗಿ ನೋಡಿ. ತುದಿ ಹೂತಿದ್ರೂ ಸೀಸನ್ ಮುಗಿದ ಮೇಲೆ ತೆಗೀಲೇಬೇಕು, ಗೆದ್ದಲಿಗೆ ನಾರು ಅಂದ್ರೆ ಹಬ್ಬ. ಮಡಚಬೇಡಿ, ಪೈಪಿಗೆ ಸುತ್ತಿ, ನಾಲ್ಕು ಇಟ್ಟಿಗೆ ಮೇಲೆ ಎತ್ತಿಡಿ. ಮಡಚಿದ ಗೆರೆ ಮೇಲೆ ಬಿದ್ದ ಬಾಲು ಮುಂದಿನ ವರ್ಷ ಪೂರ್ತಿ ಎಗರುತ್ತೆ.

ಲೆಗ್ ಅಂಪೈರ್, ಶ್ರೀರಂಗಪಟ್ಟಣ

ನೆಲ, ಜನ, ದುಡ್ಡು ಎಲ್ಲ ಸರಿ. ಆದರೆ ಕೊನೆಯ ಆರರಲ್ಲಿ ಐದು ಸೋಲಿಗೆ ಇನ್ನೊಂದು ಕಾರಣ ಯಾರೂ ಹೇಳಲಿಲ್ಲ: ಎರಡೂ ಬಾಲು ಒಟ್ಟಿಗೆ ಆಡಿದ್ದು. ಟೆನಿಸ್ ಬಾಲಿನ ತೂಕ 56ರಿಂದ 59.4 ಗ್ರಾಂ. ಲೆದರ್ ಬಾಲು 156ರಿಂದ 163 ಗ್ರಾಂ. ಹೆಚ್ಚುಕಡಿಮೆ ಮೂರರಷ್ಟು. ಶನಿವಾರ ಟೆನಿಸ್ ಬಾಲಿನಲ್ಲಿ ತೋಳು ಬೀಸಿ ಹಾಕಿದವನು ಭಾನುವಾರ ಅದೇ ಬೀಸಿನಲ್ಲಿ ಲೆದರ್ ಹಾಕಿದರೆ ಭುಜ ಹಿಡಿಯುತ್ತದೆ. ಆಮೇಲೆ ನೋವು ತಪ್ಪಿಸಿಕೊಳ್ಳಲು ಮೊಣಕೈ ಮಡಚಿ ಎಸೆಯಲು ಶುರು ಮಾಡುತ್ತಾನೆ, ಅಂಪೈರ್ ನೋಬಾಲ್ ಕೊಡುತ್ತಾನೆ, ತಪ್ಪೆಲ್ಲ ಅಂಪೈರಿನದು. ಎರಡರ ನಡುವೆ ಎರಡು ವಾರ ಬಿಡುವಿರಲಿ. ಲೆದರ್ ತಿಂಗಳಿನಲ್ಲಿ ನಿಮ್ಮ ಮುಖ್ಯ ಬೌಲರನ್ನು ಟೆನಿಸ್ ಟೂರ್ನಮೆಂಟಿಗೆ ಕಳಿಸಬೇಡಿ.

ಬ್ಯಾಟಿಂಗಿನಲ್ಲೂ ಅದೇ ಕಥೆ. ನಾರಿನ ಮ್ಯಾಟ್ ಮೇಲೆ ಲೆದರ್ ಬಾಲು ಎತ್ತರ ಏಳುತ್ತದೆ, ಮ್ಯಾಟು ಹಿಡಿದು ತಿರುಗುತ್ತದೆ. ಟೆನಿಸ್ ಬಾಲಿಗೆ ಹೊಡೆಯುವ ಹಾಗೆ ಮುಂಗಾಲು ಬದಿಗೆ ಸರಿಸಿ ಅಡ್ಡ ಬೀಸಿದರೆ ಮಿಡ್‌ವಿಕೆಟ್ಟಿಗೆ ಹೋಗಬೇಕಾದದ್ದು ಪಾಯಿಂಟಿಗೆ ಹೋಗುತ್ತದೆ, ಗಾಳಿಯಲ್ಲಿ. ಬೌಲಿಂಗಿಗೂ ಇದನ್ನೇ ಬಳಸಿಕೊಳ್ಳಿ. ಮ್ಯಾಟಿನ ಮೇಲೆ ಬಾಲಿನ ಹೊಳಪು ಬೇಗ ಹೋಗುತ್ತದೆ, ನಾಲ್ಕೈದು ಓವರಿನ ಮೇಲೆ ಸ್ವಿಂಗು ಕಾಯುತ್ತಾ ಕೂರಬೇಡಿ, ಕಟರ್ (ಬೆರಳಿನಲ್ಲಿ ಸವರಿ ಬಿಟ್ಟು, ನೆಲಕ್ಕೆ ಬಿದ್ದ ಮೇಲೆ ತಿರುಗುವ ಬಾಲು) ಹಾಕಿಸಿ. 236 ಟೆಸ್ಟ್ ವಿಕೆಟ್ಟಿನ ಶ್ರೀನಾಥ್ ನಮ್ಮ ಮೈಸೂರಿನವರು ಅಂತ ಈ ಕಡೆ ಪ್ರತಿಯೊಬ್ಬ ಹುಡುಗನೂ ಮೂವತ್ತು ಹೆಜ್ಜೆ ಹಿಂದೆ ಹೋಗಿ ಓಡಿ ಬರುತ್ತಾನೆ. ಮ್ಯಾಟಿಗೆ ಎಂಟು ಹೆಜ್ಜೆಯ ಆಫ್ ಕಟರ್ ಸಾಕು.

ಟೆನಿಸ್ ಬ್ಯಾಟಿನಲ್ಲಿ ಲೆದರ್ ಬಾಲು ಹೊಡೆಯಬೇಡಿ, ತುದಿ ಸೀಳುತ್ತದೆ. ಕ್ಲಬ್ ಕಿಟ್ಟಿಗೆ ಪ್ಯಾಡು ನಾಲ್ಕು ಜೊತೆ, ಬ್ಯಾಟಿಂಗ್ ಗ್ಲೋವ್ಸ್ ನಾಲ್ಕು ಜೊತೆ, ಕೀಪರ್ ಗ್ಲೋವ್ಸ್ ಒಂದು, ಹೆಲ್ಮೆಟ್ಟು ಮೂರು. ಹೆಲ್ಮೆಟ್ಟಿನ ಒಳಗಡೆ ಬಿಎಸ್ 7928:2013 ಎಂಬ ಗುರುತು ಇದೆಯಾ ನೋಡಿ. ಗ್ರಿಲ್ ಮತ್ತು ಮೇಲಂಚಿನ ನಡುವೆ ಬಾಲು ತೂರುವಷ್ಟು ಸಂದಿ ಬಿಟ್ಟಿರುವುದು ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ. ಕಿಬ್ಬೊಟ್ಟೆಯ ಕೆಳಗೆ ಹಾಕುವ ಗಾರ್ಡ್ ಮಾತ್ರ ಹಂಚಿಕೊಳ್ಳಬೇಡಿ, ಅವರವರದೇ ಇರಲಿ.

ನಿಯಮದಲ್ಲಿ ಎರಡು ಕಡೆ ಈಗಲೂ ಜಗಳ ನೋಡುತ್ತೇವೆ. 2022ರ ಅಕ್ಟೋಬರ್ 1ರಿಂದ, ಕ್ಯಾಚ್ ಔಟಾದಾಗ ಬ್ಯಾಟ್ಸ್‌ಮನ್‌ಗಳು ದಾಟಿದ್ದರೂ ಹೊಸಬನೇ ಸ್ಟ್ರೈಕಿಗೆ ಬರಬೇಕು, ಓವರ್ ಮುಗಿದಿದ್ದರೆ ಮಾತ್ರ ಬೇರೆ. ಬೌಲರ್ ತುದಿಯಲ್ಲಿ ಬೇಗ ಕ್ರೀಸು ಬಿಟ್ಟವನನ್ನು ಔಟ್ ಮಾಡುವುದೂ ಅಂದಿನಿಂದ ರನ್ಔಟ್ ನಿಯಮದ ಅಡಿ ಬರುತ್ತದೆ. ನಿಮ್ಮ ಟೂರ್ನಮೆಂಟಿನಲ್ಲಿ ಬೇಡ ಅನ್ನುವುದಾದರೆ ಕ್ಯಾಪ್ಟನ್‌ಗಳ ಸಭೆಯಲ್ಲಿ ಬರೆದು ಸಹಿ ಹಾಕಿಸಿ. ಎಲ್‌ಬಿಡಬ್ಲ್ಯು ಇದೆಯಾ ಇಲ್ಲವಾ ಅನ್ನುವುದನ್ನೂ. ಆಷಾಢದ ಗಾಳಿಗೆ ಸ್ಟಂಪಿನ ಮೇಲಿನ ಬೇಲ್ಸ್ ನಿಲ್ಲದಿದ್ದರೆ ಇಬ್ಬರು ಅಂಪೈರೂ ಒಪ್ಪಿ ಎರಡೂ ತುದಿಯಲ್ಲಿ ತೆಗೆದು ಆಡಿಸಬಹುದು, ಒಂದೇ ತುದಿಯಲ್ಲಿ ತೆಗೆಯುವ ಹಾಗಿಲ್ಲ.

ಗುಡುಗು ಕೇಳಿಸಿದರೆ ಮೈದಾನ ಬಿಡಿ. ಹುಣಸೆ ಮರದ ಕೆಳಗೆ ಅಲ್ಲ, ಶಾಲೆ ಕಟ್ಟಡದ ಒಳಗೆ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ. ಲೈಟ್ ಹಾಕಿ ರಾತ್ರಿ ಆಡಿಸುವವರು ಚೆಸ್ಕಾಂನಿಂದ ತಾತ್ಕಾಲಿಕ ಕನೆಕ್ಷನ್ ತೆಗೆದುಕೊಳ್ಳಿ, ಕಂಬಕ್ಕೆ ಕೊಕ್ಕೆ ಹಾಕಬೇಡಿ, ಮಂಜು ಬಿದ್ದ ಹುಲ್ಲಿನಲ್ಲಿ ಬರಿಗಾಲಿನ ಮಕ್ಕಳು ಓಡಾಡುತ್ತಿರುತ್ತಾರೆ. ಮೈಕು ರಾತ್ರಿ 10ಕ್ಕೆ ಬಂದ್ ಆಗಲೇಬೇಕು.

ಸ್ಕೋರ್‌ಬುಕ್, ಮೈಸೂರು

ಒಂದು ಬಿಟ್ಟಿದ್ದೆ. ಶಾಲೆ ಮೈದಾನ ಅಗೆಯುವ ಮೊದಲು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಮುಖ್ಯೋಪಾಧ್ಯಾಯರು ವರ್ಗ ಆದರೆ ಬಾಯಿಮಾತು ಅವರ ಜೊತೆಯೇ ಹೋಗುತ್ತದೆ. ಕ್ಲಬ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಂತೆ ಕನಿಷ್ಠ 7 ಜನ ಸದಸ್ಯರು ಬೇಕು. ಮಾಡಿಸಿದ ಮೇಲೆ ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಅದಕ್ಕೆ ಕೂರುವ ಒಬ್ಬ ಸಿಗದಿದ್ದರೆ ಈಗಲೇ ಬೇಡ, ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಜಂಟಿ ಖಾತೆ ಮತ್ತು ಒಂದು ಉದ್ದ ಪುಸ್ತಕ ಸದ್ಯಕ್ಕೆ ಸಾಕು.

ಕೆರೆಏರಿ ಇಲೆವೆನ್, ಮದ್ದೂರು ಕಡೆ

ಎಸ್‌ಡಿಎಂಸಿಗೆ ಅರ್ಜಿ ಬರೀತಿದ್ದೀವಿ. ಕೊನೇ ಪ್ರಶ್ನೆ: ಅಗೆಯೋದು ಈಗ ಬೇಸಿಗೆ ರಜೇಲೋ, ಮಳೆ ಮುಗಿದ ಮೇಲೋ?

ಗೋಡುಮಣ್ಣು, ಪಾಂಡವಪುರ

ಈಗಲೇ. ರಜೇಲಿ ಮಕ್ಕಳ ಕಾಲು ಗುಂಡಿಗೆ ಬೀಳಲ್ಲ, ಕೆರೆ ತಳಾನೂ ಒಣಗಿರುತ್ತೆ, ಗೋಡು ಎತ್ತೋಕೆ ಸಲೀಸು. ಎತ್ತೋ ಮುಂಚೆ ಪಂಚಾಯ್ತಿ ಕೇಳಿ. ಶಾಲೆ ಶುರುವಾಗೋದ್ರೊಳಗೆ ಮೂರಿಂಚು ತುಂಬಿ, ಮೇಲಿನ ಒಂದಿಂಚು ಬಾಕಿ ಬಿಡಿ. ನಡುವೆ ಅರ್ಧ ಇಂಚು ಎತ್ತರ ಇರಲಿ, ನೀರು ಎರಡೂ ಬದಿಗೆ ಹರೀಲಿ. ಟಾರ್ಪಲ್ ಮುಚ್ಚಬೇಡಿ, ಮಳೆಗಾಲ ಪೂರ್ತಿ ತಾನಾಗೇ ಕೂರಲಿ. ದಸರಾ ರಜೇಲಿ ಸ್ಟಂಪಿಂದ ಸ್ಟಂಪಿಗೆ ದಾರ ಬಿಗಿಯಾಗಿ ಕಟ್ಟಿ ನೋಡಿದ್ರೆ ಎಲ್ಲೆಲ್ಲಿ ಇಳಿದೈತೆ ಅಂತ ಕಾಣುತ್ತೆ. ಆ ಜಾಗಕ್ಕೆ ಜರಡಿ ಹಿಡಿದ ಮಣ್ಣು ತುಂಬಿ, ಮೇಲಿನ ಒಂದಿಂಚು ಮುಗಿಸಿ, ನಾಲ್ಕು ದಿನ ಬೆಳಿಗ್ಗೆ ಹೊತ್ತು ಕಲ್ಲು ಎಳೀರಿ. ದೀಪಾವಳಿಗೆ ಮ್ಯಾಟ್ ಹಾಸಬಹುದು. ಹಾಸಿದ ದಿನ ಮತ್ತೆ ಆರಡಿಯಿಂದ ಬಾಲು ಬಿಟ್ಟು ನೋಡಿ, ಎಷ್ಟು ಗುರುತು ಬಿತ್ತು ಅಂತ ಇಲ್ಲೇ ಹಾಕಿ.